ಕೈ ಕೊಟ್ಟ, ಕೈ ಬಿಟ್ಟ, ಕೈ ಎತ್ತಿದ: ನುಡಿಗಟ್ಟೋ, ನಿಜವಾದ ಕೈಯೋ?

ಪ್ರಶ್ನೆ:
ಹೊಸದಾಗಿ ಕನ್ನಡ ಕಲಿಯುವವರಿಗೆ ‘ಕೈ’ ಸೇರಿದ ನುಡಿಗಟ್ಟುಗಳೇ ದೊಡ್ಡ ತೊಡಕು. ‘ಕೈ ಕೊಡು’ ಅಂದರೆ ನೆರವಾಗು ಅಂದುಕೊಳ್ಳುತ್ತಾರೆ, ಆದರೆ ‘ಮಳೆ ಕೈಕೊಟ್ಟಿತು’ ಅನ್ನುವುದು ತದ್ವಿರುದ್ಧ. ‘ಕೈ ಎತ್ತು’ ಅನ್ನುವುದಕ್ಕಂತೂ ಒಂದೊಂದು ಕಡೆ ಒಂದೊಂದು ಅರ್ಥ. ಪಟ್ಟಿ ಉರು ಹೊಡೆಸುವ ಬದಲು ವಾಕ್ಯ ನೋಡಿಯೇ ಅರ್ಥ ಹಿಡಿಯುವ ದಾರಿ ಇದೆಯೇ?

ಉತ್ತರ 1:
ಇದೆ. ‘ಕೈ’ಗೆ ‘ಅನ್ನು’ ಸೇರಿಸಿ, ಅಥವಾ ಮುಂದೆ ‘ಬಲ’, ‘ಎರಡೂ’ ಅಂತ ಹಾಕಿ ಓದಿ. ‘ಗೆಳೆಯ ಕೊನೇ ಗಳಿಗೆಯಲ್ಲಿ ಕೈಕೊಟ್ಟ’ ಅಂದರೆ ನಂಬಿಸಿ ಕೈಬಿಟ್ಟ. ‘ಬಲಗೈಯನ್ನು ಕೊಟ್ಟ’ ಅಂದ ಕೂಡಲೇ ಆ ಅರ್ಥ ಹೋಗಿ ಬರೀ ಕೈ ಉಳಿಯುತ್ತದೆ. ‘ಕೈಬಿಟ್ಟ’, ‘ಕೈಯನ್ನು ಬಿಟ್ಟ’ ಕೂಡ ಹಾಗೇ.

ಆಮೇಲೆ ಅಕ್ಕಪಕ್ಕದ ಪದ ನೋಡಿ. ‘ಎತ್ತು’ ವಿಷಯದಲ್ಲಿ ಗುಟ್ಟಿರುವುದೇ ಅಲ್ಲಿ. ‘ಮಗುವಿನ ಮೇಲೆ ಕೈ ಎತ್ತಿದ’ ಅಂದರೆ ಹೊಡೆದ, ಇಲ್ಲವೇ ಹೊಡೆಯಹೋದ. ‘ಸಾಲ ಕೇಳಿದರೆ ಕೈ ಎತ್ತಿಬಿಟ್ಟ’ ಅಂದರೆ ತನ್ನಿಂದಾಗದು ಅಂದ; ಇಲ್ಲಿ ‘ಮೇಲೆ’ ಬರುವುದಿಲ್ಲ. ‘ಲೆಕ್ಕದಲ್ಲಿ ಎತ್ತಿದ ಕೈ’ ಅಂತ ತಿರುಗಿಸಿದರೆ ನಿಪುಣ ಎಂದರ್ಥ, ಅದಕ್ಕೆ ‘ಅಲ್ಲಿ’ ಪ್ರತ್ಯಯ ಬೇಕು. ‘ಸುಳ್ಳು ಹೇಳುವುದರಲ್ಲಿ ಎತ್ತಿದ ಕೈ’ ಅಂತ ಚುಚ್ಚುವುದಕ್ಕೂ ಇದೇ.

ಉತ್ತರ 2:
ಒಂದು ತಿದ್ದುಪಡಿ: ‘ಎರಡೂ ಕೈ ಎತ್ತಿಬಿಟ್ಟ’ ಅಂದರೂ ಸೋಲೊಪ್ಪಿದ ಅರ್ಥ ಹಾಗೇ ಉಳಿಯುತ್ತದೆ. ಆದ್ದರಿಂದ ಪರೀಕ್ಷೆಗೆ ‘ಬಲ’, ‘ಎಡ’ ಮಾತ್ರ ಸಾಕು.

ಆದೇಶ ಸಂಧಿಯೂ ಒಳ್ಳೆಯ ಸುಳಿವು. ನಾಮಪದ, ಕ್ರಿಯಾಪದ ಬೆಸೆದು ಕ ತ ಪ ಜಾಗದಲ್ಲಿ ಗ ದ ಬ ಬಂದಿದ್ದರೆ ಇಂದಿನ ಬಳಕೆಯಲ್ಲಿ ನೇರ ಅರ್ಥ ಬಹುಮಟ್ಟಿಗೆ ಹೋಗಿರುತ್ತದೆ. ‘ಕಣ್ಣು ಕೆಟ್ಟಿತು’ ಅಂದರೆ ದೃಷ್ಟಿಯ ತೊಂದರೆ. ‘ಕಂಗೆಟ್ಟ’ ಅಂದರೆ ದಿಕ್ಕು ತೋಚದಾದ. ‘ಕೈಗೂಡು’, ‘ತಲೆದೋರು’ ಇದೇ ಜಾತಿ. ಹಾಗಂತ ಸಂಧಿ ಆಗದ್ದೆಲ್ಲ ನುಡಿಗಟ್ಟಲ್ಲ ಅನ್ನುವಂತಿಲ್ಲ, ‘ಕೈಕೊಡು’ವೇ ಸಾಕ್ಷಿ.

ಉತ್ತರ 3:
ಕರ್ತೃ ಯಾರು ಅಂತಲೂ ಕೇಳಿಕೊಳ್ಳಲಿ. ಮಳೆ, ಅದೃಷ್ಟ, ಬ್ಯಾಟರಿಗೆ ಕೈಯಿಲ್ಲ. ಅವು ಕೈ ಕೊಟ್ಟರೂ ಹಿಡಿದರೂ ನುಡಿಗಟ್ಟೇ. ಬರೆದಿಟ್ಟುಕೊಳ್ಳುವಾಗ ಬರೀ ‘ಕೈಬಿಡು’ ಅಂತ ಬರೆಯದೆ ‘ಯಾರನ್ನು ಕೈಬಿಡು, ಯಾರಿಗೆ ಕೈಕೊಡು, ಯಾರ ಮೇಲೆ ಕೈ ಎತ್ತು’ ಅಂತ ವಿಭಕ್ತಿ ಸಮೇತ ಬರೆಯಲಿ.

ಕೈಗಿಂತ ಮೊದಲು ಕಲಿಸಬೇಕಾದ್ದು ಕಣ್ಣಿನದು. ‘ಅಜ್ಜ ಕಣ್ಣು ಮುಚ್ಚಿದರು’ ಅಂದರೆ ಕೇಳುವವರು ತೀರಿಕೊಂಡರು ಅಂತಲೇ ತಿಳಿಯುತ್ತಾರೆ. ಸುಮ್ಮನೆ ರೆಪ್ಪೆ ಮುಚ್ಚಿದ್ದಾದರೆ ‘ಕಣ್ಣು ಮುಚ್ಚಿಕೊಂಡರು’ ಅನ್ನಬೇಕು. ಆ ‘ಕೊಂಡರು’ ಬಿಟ್ಟುಹೋದರೆ ಮನೆಯವರು ಗಾಬರಿ ಬೀಳುತ್ತಾರೆ.