‘ವಿಂಡೊ ತೆಗಿ’ ಅಂದರೆ ತೆರೆಯುವುದಾ, ಮುಚ್ಚುವುದಾ?

ಗೆಳೆಯರೇ,

ಕಂಪ್ಯೂಟರು, ಟ್ಯಾಬ್ಲೆಟ್ಟು ಈಗಷ್ಟೇ ಕಲಿಯುತ್ತಿರುವ ಹಿರಿಯರಿಗೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೇಲ್ ಕಳಿಸುವುದು, ಫೋಟೊ ಹುಡುಕುವುದು ಎಲ್ಲ ಸಲೀಸಾಗಿ ಮುಗಿಯಿತು. ವಿಂಡೊಗಳ, ಅಂದರೆ ತೆರೆಯ ಮೇಲೆ ಒಂದೊಂದು ಆ್ಯಪ್ ಕಾಣಿಸಿಕೊಳ್ಳುವ ಚೌಕಟ್ಟುಗಳ ಅಧ್ಯಾಯಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ‘ವಿಂಡೊ’ಗೆ ಕನ್ನಡ ಪದ ಕೊಡಿ ಅಂತ ಕೇಳುತ್ತಿಲ್ಲ. ಕಿಟಕಿ, ಕಿಂಡಿ, ಗವಾಕ್ಷಿ ಯಾವುದಾದರೂ ಆದೀತು, ಸುಮ್ನೆ ವಿಂಡೊ ಅಂದರೂ ನಡೆಯುತ್ತದೆ. ತೊಡಕು ಇರುವುದು ಕ್ರಿಯಾಪದಗಳಲ್ಲಿ. ಈ ವಿಂಡೊವನ್ನು ಏನು ‘ಮಾಡಿ’ ಅಂತ ಹೇಳುವುದು?

ಮೊದಲು ‘ತೆಗೆ’ಯನ್ನೇ ನೋಡಿ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಆವತ್ತು ಲ್ಯಾಪ್‌ಟಾಪಿನಲ್ಲಿ ಯಾವುದೋ ಅರ್ಜಿ ತುಂಬುತ್ತಿದ್ದರು. ಮಗಳು ಇನ್ನೊಂದು ಊರಿನಿಂದ ಫೋನಿನಲ್ಲಿ ದಾರಿ ಹೇಳುತ್ತಿದ್ದಳು. ಅರ್ಜಿ ಅರ್ಧ ಆಗಿತ್ತು. ಖಾತೆ ನಂಬರು ನೋಡಲು ಮೇಲ್ ತೆರೆದಿದ್ದರು, ಅದು ಅರ್ಜಿಯ ಮೇಲೆ ಬಂದು ಕೂತಿತ್ತು. ಮಗಳು, ‘ಈಗ ಅರ್ಜಿ ವಿಂಡೊ ತೆಗಿ ಅಪ್ಪಾ’ ಅಂದಳು. ಮೇಷ್ಟ್ರು ಬಾಣವನ್ನು ನಿಧಾನಕ್ಕೆ ಅರ್ಜಿಯ ಬಲ ಮೂಲೆಗೆ ಒಯ್ದು ಕತ್ತರಿ (×) ಗುರುತು ಒತ್ತಿದರು. ತುಂಬಿದ್ದೆಲ್ಲ ಹೋಯಿತು. ಒಟಿಪಿಯಿಂದ ಹಿಡಿದು ಮತ್ತೆ ಶುರು. ಮಗಳು ಹೇಳಿದ್ದು ಬಾಗಿಲು ತೆಗೆಯುವ ‘ತೆಗೆ’. ಅಪ್ಪನಿಗೆ ಕೇಳಿಸಿದ್ದು ಅಂಗಿ ತೆಗೆಯುವ ‘ತೆಗೆ’. ಇಬ್ಬರ ಕನ್ನಡದಲ್ಲೂ ತಪ್ಪು ಹುಡುಕುವ ಹಾಗಿಲ್ಲ.

‘ತೆಗೆ’ ಬೇಡ ಅಂದರೆ ಉಳಿದವೂ ಅಷ್ಟೇನೂ ಸಾಚಾ ಅಲ್ಲ. ‘ಹಾಕು’ ನೋಡಿ. ಫ್ಯಾನ್ ಹಾಕು ಅಂದರೆ ತಿರುಗಬೇಕು, ಬಾಗಿಲು ಹಾಕು ಅಂದರೆ ಮುಚ್ಚಬೇಕು. ‘ಮುಚ್ಚು’ ಅನ್ನುವುದನ್ನು ಕನ್ನಡದ ಮೆನುಗಳಲ್ಲಿ ಕ್ಲೋಸ್ ಅನ್ನುವ ಕಡೆ ಬಳಸುತ್ತಾರೆ, ಸರಿಯಾಗಿಯೇ ಇದೆ. ಆದರೆ ಪಾತ್ರೆಗೆ ತಟ್ಟೆ ಮುಚ್ಚುವುದೂ ಅದೇ ಮುಚ್ಚು. ‘ಆ ವಿಂಡೊ ಇದನ್ನು ಮುಚ್ಚಿದೆ’ ಅಂದರೆ ಮೇಲೆ ಬಂದು ಮರೆ ಮಾಡಿದೆಯೋ, ಬಂದ್ ಮಾಡಿದೆಯೋ? ಬರೆಯುವಾಗ ಹಿಂದೆ ಮುಂದೆ ಎರಡು ವಾಕ್ಯ ಸೇರಿಸಿ ಬಿಡಿಸಬಹುದು. ಫೋನಿನಲ್ಲಿ ಅಷ್ಟು ಪುರುಸೊತ್ತು ಯಾರಿಗಿರುತ್ತದೆ?

ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ಮಿನಿಮೈಸ್, ಅಂದರೆ ವಿಂಡೊವನ್ನು ಮುಚ್ಚದೆ ಸದ್ಯಕ್ಕೆ ಮರೆಗೆ ಸರಿಸುವುದು. ಕನ್ನಡದಲ್ಲಿ ಇದಕ್ಕೆ ಕುಗ್ಗಿಸು, ಕಿರಿದಾಗಿಸು, ಚಿಕ್ಕದಾಗಿಸು ಎಂದೆಲ್ಲ ಓದಿದ್ದೇನೆ. ಪದಕ್ಕೆ ಪದ ಇಟ್ಟರೆ ಯಾವುದೂ ತಪ್ಪಲ್ಲ. ಆದರೆ ‘ಚಿಕ್ಕದು ಮಾಡಿ’ ಅಂತ ಒಬ್ಬ ಹೊಸಬರಿಗೆ ಹೇಳಿ ನೋಡಿ. ಲ್ಯಾಪ್‌ಟಾಪ್ ಆದರೆ ನಡುವಿನ ಚೌಕದ ಗುಂಡಿ ಒತ್ತುತ್ತಾರೆ. ಟ್ಯಾಬ್ಲೆಟ್ ಆದರೆ ಎರಡು ಬೆರಳಲ್ಲಿ ತೆರೆಯನ್ನು ಚಿವುಟುತ್ತಾರೆ, ಅಕ್ಷರ ಸಣ್ಣದಾಗುತ್ತದೆ. ಅವರು ಮಾಡಿದ್ದೇ ಸರಿ, ಚಿಕ್ಕದು ಮಾಡಿ ಅಂದರೆ ಚಿಕ್ಕದು ಮಾಡಿದರು. ನಾವು ಹೇಳಬೇಕಾಗಿದ್ದ ಕೆಲಸದಲ್ಲಿ ವಿಂಡೊ ಚಿಕ್ಕದಾಗುವುದೇ ಇಲ್ಲ. ಅದು ಕಣ್ಣೆದುರಿಂದ ಹೋಗಿ ಒಂದು ಕಡೆ ಕೂರುತ್ತದೆ, ವಾಪಸ್ ಕರೆದರೆ ಇದ್ದ ಅಳತೆಯಲ್ಲೇ ಬರುತ್ತದೆ. ಮೈಕ್ರೋಸಾಫ್ಟ್‌ನ ವಿಂಡೋಸ್‌ನಲ್ಲಿ ಈ ವ್ಯತ್ಯಾಸ ಒಂದೇ ಕೀಲಿಯಲ್ಲಿ ಕಾಣುತ್ತದೆ. ತೆರೆ ತುಂಬಾ ಹರಡಿದ ವಿಂಡೊ ಇಟ್ಟುಕೊಂಡು ವಿಂಡೋಸ್ ಕೀಲಿಯ ಜೊತೆ ಕೆಳಬಾಣ ಒತ್ತಿ. ಮೊದಲ ಸಲಕ್ಕೆ ವಿಂಡೊ ನಿಜವಾಗಿಯೂ ಚಿಕ್ಕದಾಗುತ್ತದೆ. ಇನ್ನೊಂದು ಸಲ ಒತ್ತಿದರೆ ಮಾಯ, ಕೆಳಗಿನ ಪಟ್ಟಿಯಲ್ಲಿ ಬರೀ ಗುರುತು. ಎರಡೂ ಬೇರೆ ಬೇರೆ ಕೆಲಸ, ಅಲ್ವಾ?

ಈ ಗೊಂದಲ ನಮ್ಮ ಅನುವಾದಕರು ಹುಟ್ಟಿಸಿದ್ದಲ್ಲ. 1985ರಲ್ಲಿ ಬಂದ ಮೊದಲನೇ ವಿಂಡೋಸ್‌ನಲ್ಲಿ ಇದಕ್ಕೆ ‘ಐಕನೈಸ್’ ಅಂತಿತ್ತು, ಅಂದರೆ ಗುರುತಾಗಿಸು. ದೊಡ್ಡದು ಮಾಡುವುದಕ್ಕೆ ‘ಜೂಮ್’. ಆಗ ವಿಂಡೊಗಳು ಒಂದರ ಮೇಲೊಂದು ಬರುತ್ತಲೇ ಇರಲಿಲ್ಲ, ನೆಲಕ್ಕೆ ಹಾಸಿದ ಹೆಂಚಿನ ಹಾಗೆ ಪಕ್ಕಪಕ್ಕದಲ್ಲೇ ಇರಬೇಕಿತ್ತು. 1987ರ ಎರಡನೇ ವಿಂಡೋಸ್‌ನಲ್ಲಿ ಒಂದರ ಮೇಲೊಂದು ಬರತೊಡಗಿದವು, ಜೊತೆಗೇ ಮಿನಿಮೈಸ್, ಮ್ಯಾಕ್ಸಿಮೈಸ್ ಅನ್ನುವ ಹೆಸರೂ ಬಂದವು. ನನಗೇನೋ ಹಳೆಯ ‘ಗುರುತಾಗಿಸು’ವೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ಆದರೆ ಫೋನಿನಲ್ಲಿ ಅಪ್ಪನಿಗೆ ‘ಗುರುತಾಗಿಸಪ್ಪಾ’ ಅಂತ ಯಾರು ಹೇಳುತ್ತಾರೆ!

‘ಕೆಳಗಿಳಿಸು’ ಅಂತ ಕೆಲವರು ಹೇಳುವುದು ಕೇಳಿದ್ದೇನೆ. ಕಣ್ಣಿಗೆ ಕಾಣುವುದೂ ಹಾಗೇ, ವಿಂಡೊ ಸರ್ರಂತ ಕೆಳಗೆ ಜಾರುತ್ತದೆ. ಆದರೆ ಡೌನ್‌ಲೋಡ್‌ಗೆ ಆಗಲೇ ‘ಇಳಿಸಿಕೊಳ್ಳಿ’ ರೂಢಿಯಾಗಿದೆ. ‘ಫೈಲ್ ಇಳಿಸಿ, ಆಮೇಲೆ ವಿಂಡೊ ಇಳಿಸಿ’ ಅಂತ ಬರೆದರೆ ಓದುವವರು ಪುಸ್ತಕವನ್ನೇ ಇಳಿಸುತ್ತಾರೆ. ‘ಪಕ್ಕಕ್ಕಿಡು’ ಅಂದರೆ ಎರಡು ವಿಂಡೊ ಅಕ್ಕಪಕ್ಕ ಇಡುವ ಸ್ಪ್ಲಿಟ್ ನೆನಪಾಗುತ್ತದೆ.

ಹೀಗೆ ಒದ್ದಾಡುವಾಗ ಹೊಳೆದದ್ದು ‘ಎತ್ತಿಡು’. ಹಬ್ಬದ ಪಾತ್ರೆ ಎತ್ತಿಡು, ಮಿಕ್ಕ ಚಕ್ಕುಲಿ ಎತ್ತಿಡು. ಸದ್ಯಕ್ಕೆ ಬೇಡ, ಎಸೆಯುವುದೂ ಬೇಡ, ಕೇಳಿದಾಗ ಸಿಗಬೇಕು. ‘ಎತ್ತು’ ಅಂದರೆ ಮೇಲಕ್ಕೆ, ವಿಂಡೊ ಹೋಗುವುದು ಕೆಳಕ್ಕೆ ಎಂದು ಯಾರಾದರೂ ತಕರಾರು ತೆಗೆಯಬಹುದು. ಎತ್ತಿಡು ಅನ್ನುವಾಗ ಯಾರೂ ಮೇಲೆ ಕೆಳಗೆ ನೋಡುವುದಿಲ್ಲ ಅನ್ನುವುದು ನನ್ನ ಉತ್ತರ. ಮಂಚದ ಕೆಳಗೂ ಎತ್ತಿಡುತ್ತೇವೆ.

ಇಲ್ಲಿ ಕೆಲಸ ಮಾಡುತ್ತಿರುವುದು ‘ಎತ್ತು’ ಅಲ್ಲ, ಕೊನೆಯ ‘ಇಡು’. ಬರೆದಿಡು, ಮಾಡಿಡು, ಕಟ್ಟಿಡು ಎಲ್ಲದರಲ್ಲೂ ಮುಂದಕ್ಕೆ ಬೇಕಾಗುತ್ತದೆ ಅನ್ನುವ ಭಾವ ಇದೆ. ‘ಬಿಡು’ ಬಂದರೆ ಆ ಕೆಲಸ ಅಲ್ಲಿಗೆ ಮುಗಿಯಿತು, ಮುಗಿಸಿಬಿಡು, ಮರೆತುಬಿಡು. ‘ಹಾಕು’ ಬಂದರೆ ಸ್ವಲ್ಪ ಬಲಪ್ರಯೋಗ, ಕಿತ್ತುಹಾಕು, ತಳ್ಳಿಹಾಕು. ಒಂದು ವಿಂಡೊ ಕಣ್ಣೆದುರಿಂದ ಹೋಗುವ ಮೂರೂ ದಾರಿಗೆ ಈ ಮೂರು ಸಾಲದೇ? ಎತ್ತಿಡು ಅಂದರೆ ಮಿನಿಮೈಸ್. ಮುಗಿಸಿಬಿಡು ಅಂದರೆ ಆ್ಯಪನ್ನೇ ನಿಲ್ಲಿಸುವ ಕ್ವಿಟ್. ಹೆಪ್ಪುಗಟ್ಟಿ ಕೂತ ಆ್ಯಪನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಿಂದ ಬಲವಂತವಾಗಿ ನಿಲ್ಲಿಸುವುದು ಕಿತ್ತುಹಾಕು. ಮೆನುಗಳಲ್ಲಿ ಕಾಣುವ ‘ನಿರ್ಗಮಿಸು’ ನನ್ನ ಕಿವಿಗೆ ನಾಟಕದ ಸೂಚನೆಯ ಹಾಗೆ ಕೇಳುತ್ತದೆ. ಅದೂ ಅಲ್ಲದೆ ನಿರ್ಗಮಿಸುವುದು ನಾನೋ, ಆ್ಯಪೋ?

ಮುಚ್ಚು ಬೇರೆ, ಮುಗಿಸಿಬಿಡು ಬೇರೆ ಅಂತ ಯಾಕೆ ಹಟ ಹಿಡಿದಿದ್ದೇನೆ ಅಂದರೆ ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್ ಬಳಸುವವರಿಗೆ ಇದು ದಿನನಿತ್ಯದ ತಲೆನೋವು. ವಿಂಡೋಸ್‌ನಿಂದ ಬಂದವರು ಕೆಂಪು ಗುಂಡಿ ಒತ್ತಿ ಆ್ಯಪ್ ಮುಗಿಯಿತು ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಮುಚ್ಚುವುದು ವಿಂಡೊ ಮಾತ್ರ. ಆ್ಯಪ್ ಒಳಗೆ ನಡೆಯುತ್ತಲೇ ಇರುತ್ತದೆ, ಆ್ಯಪ್ ಗುರುತುಗಳ ಪಟ್ಟಿಯಾದ ಡಾಕ್‌ನಲ್ಲಿ ಅದರ ಗುರುತಿನ ಕೆಳಗೆ ಸಣ್ಣ ಚುಕ್ಕೆ. ಹಳದಿ ಗುಂಡಿಯದು ಇನ್ನೊಂದು ಕಥೆ. ಅದರಿಂದ ಎತ್ತಿಟ್ಟ ವಿಂಡೊವನ್ನು ಕಮಾಂಡ್ ಮತ್ತು ಟ್ಯಾಬ್ ಒತ್ತಿ ಕರೆದರೆ ಬರುವುದಿಲ್ಲ. ಮೇಲಿನ ಮೆನುವಿನಲ್ಲಿ ಆ್ಯಪಿನ ಹೆಸರು ಬಂದಿರುತ್ತದೆ, ವಿಂಡೊ ಮಾತ್ರ ಇಲ್ಲ. ಕಮಾಂಡ್ ಮತ್ತು ಎಚ್ ಒತ್ತಿ ಅಡಗಿಸಿದ್ದರೆ ಅದೇ ಕೀಲಿಗೆ ಮರ್ಯಾದೆಯಿಂದ ಬರುತ್ತದೆ. ಹಾಗಾಗಿ ‘ಎತ್ತಿಡು’ ಮತ್ತು ‘ಅಡಗಿಸಿಡು’ ಎರಡೂ ಬೇಕು. ಎರಡರಲ್ಲೂ ಇಡು ಇದೆ, ಅದು ಸರಿಯಾಗಿದೆ. ಎರಡೂ ಕಡೆ ಕೆಲಸ ಎಲ್ಲಿಗೂ ಹೋಗಿಲ್ಲ.

ಒಂದು ತೂತು ಉಳಿದಿದೆ. ಎತ್ತಿಟ್ಟಿದ್ದನ್ನು ವಾಪಸ್ ತರುವುದಕ್ಕೆ ಬಾಯಿಗೆ ತಾನಾಗಿ ಬರುವ ಪದ ‘ತೆಗಿ’! ಸದ್ಯಕ್ಕೆ ‘ಈಚೆ ತನ್ನಿ’ ಅಂತ ಬರೆದಿದ್ದೇನೆ. ಒಳ್ಳೆಯದು ಇದ್ದರೆ ಹೇಳಿ.

ಟ್ಯಾಬ್ಲೆಟ್‌ಗೆ ಬಂದರೆ ಪದಕ್ಕಿಂತ ಮೊದಲು ವಸ್ತುವೇ ಕೈಗೆ ಸಿಗುವುದಿಲ್ಲ. 2010ರಲ್ಲಿ ಐಪ್ಯಾಡ್ ಬಂದಾಗ ಒಂದು ಸಲಕ್ಕೆ ಒಂದೇ ಆ್ಯಪ್, ತೆರೆ ಪೂರ್ತಿ. 2015ರಲ್ಲಿ ಎರಡನ್ನು ಅಕ್ಕಪಕ್ಕ ಇಡುವ ಸ್ಪ್ಲಿಟ್ ವ್ಯೂ, ಬದಿಯಿಂದ ಒಂದು ಕಿರುವಿಂಡೊ ಎಳೆಯುವ ಸ್ಲೈಡ್ ಓವರ್ ಬಂದವು. 2022ರಲ್ಲಿ ಕೆಲವು ಐಪ್ಯಾಡ್‌ಗಳಿಗೆ ಒಂದರ ಮೇಲೊಂದು ವಿಂಡೊ ಇಡಲು ಬಿಡುವ ಸ್ಟೇಜ್ ಮ್ಯಾನೇಜರ್. 2025ರಲ್ಲಿ ಐಪ್ಯಾಡ್ ಓಎಸ್ 26ಕ್ಕೆ ಮ್ಯಾಕ್‌ನ ಹಾಗೇ ಮೂರು ಬಣ್ಣದ ಗುಂಡಿ, ಬೇಕಾದ ಕಡೆ ಬೇಕಾದ ಅಳತೆಯಲ್ಲಿ ಇಡುವ ವಿಂಡೊ. ಹಾಗೆ ಕೊಡುವಾಗ ಸ್ಲೈಡ್ ಓವರ್ ಕಿತ್ತುಕೊಂಡರು. ಜನ ಗೊಣಗಿದರು, 26.1ರಲ್ಲಿ ವಾಪಸ್ ಕೊಟ್ಟರು. ನನ್ನ ಅತ್ತೆಯಂಥವರು ಒಂದು ರೀತಿ ಬೆರಳು ಪಳಗಿಸಿಕೊಳ್ಳುವ ಹೊತ್ತಿಗೆ ಇನ್ನೊಂದು ಬಂದಿರುತ್ತದೆ. ಒಂದು ಬದಿ ಅಡುಗೆ ವಿಡಿಯೊ, ಇನ್ನೊಂದು ಬದಿ ಬರೆದುಕೊಳ್ಳುವ ನೋಟ್ಸ್, ಅವರಿಗೆ ಬೇಕಿರುವುದು ಇಷ್ಟೇ. ಬೆರಳು ಚೂರು ಆಚೀಚೆ ಆದರೆ ನಡುವಿನ ಗೆರೆ ಸರಿದು ವಿಡಿಯೊ ಹೋಗುತ್ತದೆ. ‘ಹೋಯ್ತು ನೋಡು’ ಅಂತ ಫೋನ್. ಮುಚ್ಚಿತೋ, ಸರಿಯಿತೋ, ಅಡಗಿತೋ, ಅವರಿಗೆ ಎಲ್ಲದಕ್ಕೂ ಒಂದೇ ‘ಹೋಯ್ತು’. ತೆರೆಯೂ ಅವರಿಗೆ ಅದಕ್ಕಿಂತ ಹೆಚ್ಚು ತಿಳಿಸುವುದಿಲ್ಲ.

ಇತ್ತೀಚೆಗೆ ಬಳಸಿದ ಆ್ಯಪುಗಳ ಸಾಲನ್ನು ತೆರೆದು ಒಂದೊಂದನ್ನೇ ಮೇಲಕ್ಕೆ ತಳ್ಳುವ ಅಭ್ಯಾಸ ಬಹಳ ಜನರಿಗೆ ಇದೆ. ಬ್ಯಾಟರಿ ಉಳಿಯುತ್ತದೆ ಅನ್ನುವ ನಂಬಿಕೆ. ಆ ಸಾಲಿನಲ್ಲಿರುವವು ಬಹುಪಾಲು ಮಲಗಿರುತ್ತವೆ, ಮತ್ತೆ ಮೊದಲಿಂದ ಎಬ್ಬಿಸುವುದಕ್ಕೇ ಜಾಸ್ತಿ ಖರ್ಚು. ಆ್ಯಪಲ್ ಕೂಡ ಆ್ಯಪ್ ಸ್ಪಂದಿಸದಿದ್ದಾಗ ಮಾತ್ರ ಹೀಗೆ ಮಾಡಿ ಅನ್ನುತ್ತದೆ. ಕೈಪಿಡಿಯಲ್ಲಿ ಇದಕ್ಕೆ ‘ತಳ್ಳಿಹಾಕು’ ಅಂತಲೇ ಬರೆದಿದ್ದೇನೆ, ಪದದಲ್ಲೇ ಸ್ವಲ್ಪ ಹಿಂಜರಿಕೆ ಹುಟ್ಟಲಿ ಅಂತ.

ಇನ್ನು ‘ಮುಂದಿನ’, ‘ಹಿಂದಿನ’. ಕನ್ನಡದಲ್ಲಿ ಜಾಗಕ್ಕೂ ಕಾಲಕ್ಕೂ ಒಂದೇ ಮಾತು. ‘ಮುಂದಿನ ವಿಂಡೊ’ ಅಂದರೆ ಎಲ್ಲಕ್ಕಿಂತ ಎದುರಿಗಿರುವುದೂ ಹೌದು, ಇದಾದ ಮೇಲೆ ಬರುವುದೂ ಹೌದು. ‘ಹಿಂದಿನ ವಿಂಡೊ’ ಅಂದರೆ ಮರೆಯಲ್ಲಿರುವುದು, ಇಲ್ಲವೇ ಈಗಷ್ಟೇ ಬಳಸಿದ್ದು. ಆಲ್ಟ್ ಮತ್ತು ಟ್ಯಾಬ್ ಒತ್ತಿ ವಿಂಡೊ ಬದಲಿಸುವವರಿಗೆ ಎರಡೂ ಹೆಚ್ಚಾಗಿ ಒಂದೇ ಆಗಿರುತ್ತದೆ, ಈಗಷ್ಟೇ ಬಿಟ್ಟದ್ದೇ ಅಡಿಯಲ್ಲಿರುತ್ತದೆ. ಆ್ಯಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ‘ಹಿಂದೆ ಹೋಗಿ’ ಅಂದು ನೋಡಿ. ಒಬ್ಬರು ಬ್ಯಾಕ್ ಮಾಡಿ ಬ್ರೌಸರಿನ ಹಳೆಯ ಪುಟಕ್ಕೆ ಹೋಗುತ್ತಾರೆ. ಇನ್ನೊಬ್ಬರು ಹಳೆಯ ಆ್ಯಪ್‌ಗೆ ಹೋಗುತ್ತಾರೆ. ಕಿರುವಿಂಡೊ ಅಡಿಯಲ್ಲಿರುವುದನ್ನು ಮುಟ್ಟುವವರೂ ಇದ್ದಾರೆ. ‘ಮೇಲಿನ’ ಪದವೂ ಹಾಗೇ. ಟ್ಯಾಬ್ಲೆಟ್ ನೆಟ್ಟಗೆ ಹಿಡಿದು ತೆರೆ ಎರಡು ಮಾಡಿದರೆ ಒಂದು ಆ್ಯಪ್ ನಿಜಕ್ಕೂ ಮೇಲೆ, ಒಂದು ಕೆಳಗೆ. ಅದರ ಮೇಲೊಂದು ತೇಲುವ ವಿಂಡೊ ಬಂದರೆ ‘ಮೇಲಿನದು’ ಯಾವುದು? ಮರೆಯಲ್ಲಿರುವುದಕ್ಕೆ ‘ಅಡಿಯ ವಿಂಡೊ’ ಅಂತ ಬರೆದು ಬಚಾವಾಗಿದ್ದೇನೆ. ಎದುರಿಗೆ ಇರುವುದಕ್ಕೆ ‘ಎದುರಿನ’ ಅಂದರೆ ಎದುರುಮನೆಯ ಎದುರು ಅಡ್ಡ ಬರುತ್ತದೆ.

ಎದುರಿಗೆ ಇರುವುದೇ ನಮ್ಮ ಮಾತು ಕೇಳುತ್ತದೆ ಅಂತಲೂ ಇಲ್ಲ. ಎರಡು ಆ್ಯಪ್ ಅಕ್ಕಪಕ್ಕ ಇದ್ದಾಗ ಟೈಪ್ ಮಾಡಿದ್ದು ಯಾವುದರೊಳಗೆ ಬೀಳುತ್ತದೆ ಅಂತ ತೆರೆ ನೋಡಿ ಹೇಳುವುದು ಕಷ್ಟ. ಪಾಸ್‌ವರ್ಡ್ ಹೊಡೆಯುವಾಗ ನಡುವೆ ಚಾಟ್ ಪೆಟ್ಟಿಗೆ ಎದ್ದು ಬಂದು ಉಳಿದರ್ಧ ಅದರೊಳಗೆ ಬೀಳುವುದೂ ಉಂಟು. ಹೀಗೆ ಕೀಲಿಮಣೆಯನ್ನು ಹಿಡಿದಿರುವ ವಿಂಡೊವನ್ನು ‘ಸಕ್ರಿಯ ವಿಂಡೊ’ ಅನ್ನುತ್ತಾರೆ. ಎತ್ತಿಟ್ಟ ವಿಂಡೊದಲ್ಲಿ ಹಾಡು ನಡೆಯುತ್ತಿದ್ದರೆ ಅದೂ ಸಕ್ರಿಯವೇ ಅಲ್ಲವೇ? ‘ಚಾಲ್ತಿ ವಿಂಡೊ’ ಹೇಗೆ? ಚಾಲ್ತಿ ಖಾತೆ ಎಲ್ಲರಿಗೂ ಗೊತ್ತು. ಪೂರ್ತಿ ಒಪ್ಪಿಗೆ ನನಗೂ ಇಲ್ಲ.

ಮಲ್ಟಿಟಾಸ್ಕಿಂಗ್‌ಗೆ ‘ಬಹುಕಾರ್ಯ’ ಅನ್ನುವುದು ಸರ್ಕಾರಿ ಸುತ್ತೋಲೆಯ ಹಾಗಿದೆ. ಒಬ್ಬರು ‘ಅವಧಾನ’ ಅಂತ ಸೂಚಿಸಿದರು. ಚಂದವಾಗಿದೆ, ಆದರೆ ಅಷ್ಟಾವಧಾನಿ ಪ್ರಶ್ನೆ ಕೇಳುವ ಎಂಟು ಪೃಚ್ಛಕರನ್ನೂ ತಲೆಯಲ್ಲೇ ಹಿಡಿದಿರುತ್ತಾರೆ, ಯಾರದೂ ಕಳೆದುಹೋಗುವುದಿಲ್ಲ. ನಾವು ಎರಡು ವಿಂಡೊ ನಡುವೆಯೇ ದಾರಿ ತಪ್ಪುತ್ತೇವೆ. ನೋಟಿಫಿಕೇಶನ್‌ಗೆ ಮಾತ್ರ ಅಲ್ಲಿಂದ ‘ಅಪ್ರಸ್ತುತ ಪ್ರಸಂಗ’, ಅಂದರೆ ಅವಧಾನಿಯ ಗಮನ ಕೆಡಿಸಲು ನಡುನಡುವೆ ಸಂಬಂಧವಿಲ್ಲದ್ದನ್ನು ಕೇಳುವುದು, ತೆಗೆದುಕೊಳ್ಳಬಹುದು. ತಮಾಷೆಗೆ ಹೇಳಿದೆ, ಕೈಪಿಡಿಯಲ್ಲಿ ಹಾಕುವುದಿಲ್ಲ.

ನಿಮ್ಮಿಂದ ತಿಳಿಯಬೇಕಾಗಿರುವುದು ಇದು. ಧಾರವಾಡ, ಬೆಳಗಾವಿ ಕಡೆ ‘ಎತ್ತಿಡು’ ಅಂದರೆ ಇದೇ ಅರ್ಥ ಬರುತ್ತದೆಯೇ, ಅಥವಾ ‘ತಗದಿಡು’ ಅಂತೀರಾ? ಅದಾದರೆ ಮತ್ತೆ ತೆಗೆ ಬಂತು. ಮಂಗಳೂರು, ಕುಂದಾಪುರದವರು ಮನೆಯ ಹಿರಿಯರಿಗೆ ಫೋನಿನಲ್ಲಿ ಮಿನಿಮೈಸ್ ಮಾಡಿಸುವಾಗ ನಿಜವಾಗಿ ಏನು ಹೇಳುತ್ತೀರಿ? ಹೊಸದಾಗಿ ಕಟ್ಟಿದ ಪದ ಬೇಡ, ಬಾಯಲ್ಲಿ ಬಂದದ್ದನ್ನೇ ಬರೆಯಿರಿ. ಹಾಗೇ, ಉಳಿಸಬೇಕೇ ಅಂತ ಕೇಳುವ ಪೆಟ್ಟಿಗೆ ದೊಡ್ಡ ವಿಂಡೊದ ಅಡಿ ಸಿಕ್ಕಿಕೊಂಡು ಇಡೀ ಆ್ಯಪ್ ಮರಗಟ್ಟಿದ ಹಾಗೆ ಕಾಣುತ್ತದಲ್ಲ, ಆ ಸ್ಥಿತಿಗೆ ‘ಹ್ಯಾಂಗ್ ಆಯ್ತು’ ಬಿಟ್ಟು ಬೇರೆ ಮಾತು ಯಾರ ಮನೆಯಲ್ಲಾದರೂ ಇದೆಯೇ?