ಮೆಕೇನ್ 1968ರಲ್ಲಿ ಬಿಡುಗಡೆ ಬೇಡ ಅಂದಿದ್ದು ಯಾಕೆ?

ಪ್ರಶ್ನೆ
ವಿಯೆಟ್ನಾಂ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕದ ನೌಕಾಪಡೆ ಪೈಲಟ್ ಜಾನ್ ಮೆಕೇನ್‌ರನ್ನು 1968ರಲ್ಲೇ ಬಿಡ್ತೀವಿ ಅಂದರೂ ಅವರು ಹೋಗಲಿಲ್ಲವಂತೆ. ಅದು ಬರೀ ಹಠವಾ, ಸೇನೆಯ ನಿಯಮವಾ? ಇನ್ನೊಂದು, ಒಂಟಿ ಕೋಣೆಯಲ್ಲಿದ್ದವರು ಪಕ್ಕದವರ ಜೊತೆ ಮಾತಾಡ್ತಿದ್ದದ್ದು ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತದಲ್ಲಾ?

ಉತ್ತರ 1
ನಿಯಮ ಇತ್ತು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸೈನಿಕರಿಗಾಗಿ ಹೊರಡಿಸಿದ ನಡತೆ ಸಂಹಿತೆಯ 3ನೇ ಕಲಮಿನ ಪ್ರಕಾರ ಶತ್ರುವಿನಿಂದ ಪೆರೋಲ್ ಆಗಲಿ, ವಿಶೇಷ ಸವಲತ್ತಾಗಲಿ ಪಡೆಯಕೂಡದು. ಅದನ್ನು ಕೈದಿಗಳು 'ಮೊದಲು ಸಿಕ್ಕವನು ಮೊದಲು ಮನೆಗೆ' ಅಂತ ಪಾಲಿಸುತ್ತಿದ್ದರು. ಮೆಕೇನ್ ಸಿಕ್ಕಿದ್ದು 1967ರ ಅಕ್ಟೋಬರ್ 26ಕ್ಕೆ. ಇನ್ನೊಬ್ಬ ಕೈದಿ ಎವರೆಟ್ ಆಲ್ವಾರೆಜ್ 1964ರ ಆಗಸ್ಟ್‌ನಿಂದಲೇ ಒಳಗಿದ್ದರು. ಮೆಕೇನ್ ಅಪ್ಪ ಬೇರೆ ಅಡ್ಮಿರಲ್, 1968ರ ಜುಲೈನಲ್ಲಿ ಅಮೆರಿಕದ ಪೆಸಿಫಿಕ್ ಪಡೆಗಳ ಮುಖ್ಯಸ್ಥರಾದವರು. ಮಗ ಸರತಿ ಮುರಿದು ಹೊರಟಿದ್ದರೆ, 'ನೋಡಿ, ದೊಡ್ಡವರ ಮಕ್ಕಳಿಗೇ ಬೇರೆ ನ್ಯಾಯ' ಅಂತ ಉಳಿದ ಕೈದಿಗಳ ಕಿವಿ ಊದೋದು ಸೆರೆ ಹಿಡಿದವರಿಗೆ ಸುಲಭವಾಗ್ತಿತ್ತು.

ವಿನಾಯಿತಿಯೂ ಇತ್ತು. ನಾವಿಕ ಡಗ್ಲಸ್ ಹೆಗ್‌ಡಾಲ್‌ಗೆ ಹಿರಿಯ ಅಧಿಕಾರಿಗಳೇ ಹೋಗು ಅಂದರು. ಸುಮಾರು 256 ಕೈದಿಗಳ ಹೆಸರು ಅವರಿಗೆ ಬಾಯಿಪಾಠವಾಗಿತ್ತು, ಆ ಪಟ್ಟಿ ಹೊರಗೆ ತಲುಪಲಿ ಅಂತ.

ಉತ್ತರ 2
ಮೋರ್ಸ್ ಅಲ್ಲ. ಗೋಡೆಗೆ ಕುಟ್ಟಿದರೆ ಎಲ್ಲ ಸದ್ದೂ ಗಿಡ್ಡವೇ, ಚುಕ್ಕಿ ಯಾವುದು ಗೆರೆ ಯಾವುದು ಗೊತ್ತಾಗಲ್ಲ. ಅದಕ್ಕೇ 5 ಸಾಲು, 5 ಕಂಬದ ಚೌಕ. ಇಂಗ್ಲಿಷ್ ಅಕ್ಷರ 26, ಮನೆ 25. 'ಕೆ' ಬಿಟ್ಟು ಅದರ ಕೆಲಸ 'ಸಿ'ಗೆ. ಮೊದಲ ಸಾಲು ಎ, ಬಿ, ಸಿ, ಡಿ, ಇ. ಎರಡನೆಯದು ಎಫ್‌ನಿಂದ, ಮೂರನೆಯದು ಎಲ್‌ನಿಂದ, ನಾಲ್ಕನೆಯದು ಕ್ಯೂನಿಂದ, ಕೊನೆಯದು ವಿಯಿಂದ. ಮೊದಲು ಸಾಲು ಕುಟ್ಟಿ, ಚೂರು ತಡೆದು, ಕಂಬ ಕುಟ್ಟಬೇಕು. 'ಜಿ' ಅಂದರೆ 2-2, 'ಬಿ' 1-2, 'ಯು' 4-5. ಈ ಮೂರೂ ಸೇರಿದರೆ 'ಗಾಡ್ ಬ್ಲೆಸ್ ಯು', ಅಂದರೆ 'ದೇವರು ಒಳ್ಳೇದು ಮಾಡಲಿ' ಅನ್ನೋ ವಿದಾಯ. ನಡುವಿನ ತಡೆ ತಪ್ಪಿದರೆ 1-2 ಹೋಗಿ ಬರೀ 3 ಕೇಳಿಸುತ್ತೆ, ಮುಂದಿನ ಲೆಕ್ಕವೆಲ್ಲ ಎಡವಟ್ಟು. ಕಾವಲಿನವನು ಹತ್ತಿರ ಇದ್ದರೆ ಕೆಮ್ಮು, ಪೊರಕೆ ಗುಡಿಸೋ ಸದ್ದಲ್ಲೂ ಇದೇ ಲೆಕ್ಕ ನಡೀತಿತ್ತು.

ಉತ್ತರ 1ಕ್ಕೆ ಪ್ರತಿಕ್ರಿಯೆ
ನಿರಾಕರಣೆ ಮಾತ್ರ ಹೇಳಿ ನಿಲ್ಲಿಸಬೇಡಿ. ಅದಾದ ಮೇಲೆ, 1968ರ ಆಗಸ್ಟ್‌ನಲ್ಲಿ, ದಿನಗಟ್ಟಲೆ ಹೊಡೆದು ಅವರಿಂದ ತಪ್ಪೊಪ್ಪಿಗೆಗೆ ಸಹಿ ಹಾಕಿಸಿಕೊಂಡರು. ಮೆಕೇನ್ ಅದನ್ನು ಮುಚ್ಚಿಡಲಿಲ್ಲ. ಬಿಡುಗಡೆ 1973ರ ಮಾರ್ಚ್ 14ಕ್ಕೆ. 1982ರಲ್ಲಿ ಅರಿಜೋನಾದಿಂದ ಕೆಳಮನೆಗೆ, 1986ರಲ್ಲಿ ಸೆನೆಟ್‌ಗೆ. ಕೈದಿಗಳಿಗೆ ಕ್ರೂರ ವರ್ತನೆ ಕೂಡದೆಂಬ 2005ರ ತಿದ್ದುಪಡಿ ಅವರದೇ, ಸೆನೆಟ್‌ನಲ್ಲಿ 90-9 ಮತಗಳಿಂದ ಗೆದ್ದಿತು. ಹೊಡೆತಕ್ಕೆ ಬಾಯಿಬಿಟ್ಟವನ ಮಾತನ್ನು ಎಷ್ಟು ನಂಬಬಹುದು ಅನ್ನೋದು ಆ ಸಹಿ ಹಾಕಿದವರಿಗೆ ಗೊತ್ತಿತ್ತು.

ಚುನಾವಣಾ ಪ್ರಚಾರದ ವೇದಿಕೆಯಲ್ಲಿ ಅವರು ಕೈ ಪೂರ್ತಿ ಮೇಲೆತ್ತುತ್ತಿರಲಿಲ್ಲ, ಗಮನಿಸಿ. ವಿಮಾನದಿಂದ ಹಾರುವಾಗ ಮುರಿದ ಎರಡೂ ತೋಳು ಸರಿಯಾಗಿ ಕೂಡಲೇ ಇಲ್ಲ.