ಪ್ರಶ್ನೋತ್ತರ: ನೆರೆಮನೆಯ ಹುಡುಗನಿಗೆ ‘ನಮ್ಮ ಕಾಲೇಜಿಗೇ ಬಾ’ ಎಂದು ಬರೆಯಬಹುದೇ?

ಈ ವಾರ ಉತ್ತರಿಸುವ ಸರದಿ ನನ್ನದು. ಅಮೆರಿಕದ ವಿಶ್ವವಿದ್ಯಾಲಯವೊಂದರ ಕ್ರೀಡಾ ವಿಭಾಗದಲ್ಲಿ, ನಿಯಮಪಾಲನೆ ನೋಡಿಕೊಳ್ಳುವ ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ನಾವು ಎದುರಿಗೆ ಬರುವುದು ಕಂಡರೆ ಕೋಚ್‌ಗಳು ಬೇರೆ ಮೆಟ್ಟಿಲು ಹಿಡಿಯುತ್ತಾರೆ. ಇಲ್ಲಿ ಹೇಳುವುದೆಲ್ಲ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಡಿವಿಷನ್ 1ರ, ಅಂದರೆ ಮೇಲಿನ ದರ್ಜೆಯ ನಿಯಮಗಳ ಬಗ್ಗೆ. ನಿಮ್ಮ ಮನೆಯ ಮಗುವಿನ ವಿಷಯದಲ್ಲಿ ಕೊನೆಯ ಮಾತನ್ನು ಆಯಾ ಕಾಲೇಜಿನ ಕಚೇರಿಯಲ್ಲೇ ಕೇಳಿ.

ಪ್ರಶ್ನೆ (ಡಲ್ಲಾಸ್‌ನಿಂದ): ನಮಸ್ಕಾರ ಮೇಡಂ. ನಮ್ಮ ಬೀದಿಯಲ್ಲಿ ಹಾಸನದ ಕಡೆಯವರ ಮನೆಯಿದೆ. ಅವರ ಮಗ ಹನ್ನೊಂದನೆಯ ತರಗತಿ, ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡು ಒದೆಯುವ ಕಿಕ್ಕರ್. ನಾನು ಎಂ.ಎಸ್. ಓದಿದ ವಿಶ್ವವಿದ್ಯಾಲಯದ ಕೋಚ್ ಮೊನ್ನೆ ಅವನ ಆಟ ನೋಡಿಕೊಂಡು ಹೋದರು. ನನಗೆ ಖುಷಿ ತಡೆಯಲಾಗಲಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಅವನ ವಿಡಿಯೊ ಕೆಳಗೆ “ನಮ್ಮ ಕಾಲೇಜಿಗೇ ಬಾರಪ್ಪ, ಶನಿವಾರ ಭಾನುವಾರದ ಊಟ ನಮ್ಮ ಮನೆಯಲ್ಲೇ” ಎಂದು ಬರೆದೆ. ಹುಡುಗನ ತಂದೆ ಫೋನ್ ಮಾಡಿ “ದಯವಿಟ್ಟು ಅಳಿಸಿಬಿಡಿ” ಎಂದರು. ಬೇಸರವಾಯಿತು. ಊಟಕ್ಕೆ ಕರೆಯುವುದೂ ತಪ್ಪೇ?

ಉತ್ತರ: ತಂದೆ ಹೇಳಿದ್ದು ಸರಿ. ನೀವೂ ಕೆಟ್ಟ ಉದ್ದೇಶದಿಂದ ಬರೆದಿಲ್ಲ. ಆದರೆ ಮೊದಲು ಒಂದು ವಿಷಯ ಹೇಳಿ: ಆ ವಿಶ್ವವಿದ್ಯಾಲಯದ ಕ್ರೀಡಾ ನಿಧಿಗೆ ಯಾವತ್ತಾದರೂ ಹಣ ಕೊಟ್ಟಿದ್ದೀರಾ?

ಅದೇ ಓದುಗರು: 2014ರಲ್ಲಿ ಒಮ್ಮೆ ನೂರು ಡಾಲರ್ ಕಳಿಸಿದ್ದೆ. ಒಂದು ಟೀ ಶರ್ಟ್ ಕೊಟ್ಟರು.

ಉತ್ತರ: ಆ ಟೀ ಶರ್ಟಿನ ಜೊತೆಗೇ ನೀವು ‘ಬೂಸ್ಟರ್’ ಆದಿರಿ. ಕೋವಿಡ್ ಆದಮೇಲೆ ಈ ಪದ ಕೇಳಿದರೆ ನಮ್ಮವರು ತೋಳು ಸವರಿಕೊಳ್ಳುತ್ತಾರೆ. ಇದು ಆ ಬೂಸ್ಟರ್ ಅಲ್ಲ. ಎನ್‌ಸಿಎಎ ಪುಸ್ತಕದಲ್ಲಿ ಇದಕ್ಕೆ ಸಂಸ್ಥೆಯ ಕ್ರೀಡಾ ಹಿತಾಸಕ್ತಿಯ ಪ್ರತಿನಿಧಿ ಎಂಬರ್ಥದ ಮಾರುದ್ದದ ಹೆಸರಿದೆ. ಕ್ರೀಡಾ ವಿಭಾಗಕ್ಕೋ ಅದರ ಬೆಂಬಲಿಗರ ಸಂಘಕ್ಕೋ ಹಣ ಕೊಟ್ಟವರು, ಆ ಸಂಘದ ಸದಸ್ಯರು, ಆಟಗಾರರಿಗೆ ಅಥವಾ ಅವರ ಮನೆಯವರಿಗೆ ಸವಲತ್ತು ಒದಗಿಸಿದವರು, ಹೊಸ ಹುಡುಗರನ್ನು ಕರೆತರಲು ನೆರವಾದವರು ಎಲ್ಲರೂ ಇದರೊಳಗೆ ಬರುತ್ತಾರೆ. ಅಲ್ಲಿ ಓದಿದ ಮಾತ್ರಕ್ಕೆ ಯಾರೂ ಬೂಸ್ಟರ್ ಆಗುವುದಿಲ್ಲ. ಆದರೆ ಒಮ್ಮೆ ಆದರೆ ಆಯಿತು. ಇದಕ್ಕೆ ರಾಜೀನಾಮೆ ಇಲ್ಲ, ನಿವೃತ್ತಿಯೂ ಇಲ್ಲ.

ಇನ್ನೊಂದು ಕಡೆ ಹುಡುಗ. ಒಂಬತ್ತನೆಯ ತರಗತಿಗೆ ಕಾಲಿಟ್ಟ ದಿನದಿಂದ ಅವನು ನಿಯಮದ ಕಣ್ಣಿನಲ್ಲಿ ‘ಮುಂದಿನ ಕಾಲೇಜು ಆಟಗಾರ’. ಹುಡುಗರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಏಳನೆಯ ತರಗತಿಯಿಂದಲೇ. ಅವನನ್ನು ತಂಡಕ್ಕೆ ಕರೆಯುವ ಮಾತು ಕೋಚ್‌ಗಳದು ಮಾತ್ರ, ಅದೂ ಗೊತ್ತುಮಾಡಿದ ದಿನಗಳಲ್ಲಿ. ಬೂಸ್ಟರ್ ಆದವರು ಫೋನಿನಲ್ಲಾಗಲಿ ಪತ್ರದಲ್ಲಾಗಲಿ ಇನ್‌ಸ್ಟಾಗ್ರಾಂನಲ್ಲಾಗಲಿ ಕರೆಯುವಂತಿಲ್ಲ. ನಿಮ್ಮ ಒಂದು ವಾಕ್ಯದಲ್ಲಿ ಎರಡು ತಪ್ಪು ಕೂಡಿವೆ: ‘ಕಾಲೇಜಿಗೇ ಬಾ’ ಎಂಬುದು ಕರೆ, ‘ಊಟ ನಮ್ಮಲ್ಲೇ’ ಎಂಬುದು ಆಮಿಷ. ನಮ್ಮ ಭಾಷೆಯಲ್ಲಿ ಅದು ಉಪಚಾರ ಎಂದು ನನಗೂ ಗೊತ್ತು. ನಿಯಮ ಬರೆದವರು ಕನ್ನಡಿಗರಲ್ಲ.

ನೀವು ಡಲ್ಲಾಸ್‌ನವರು, ಹಾಗಾಗಿ ನಿಮ್ಮ ಊರಿನ ಕಥೆಯನ್ನೇ ಹೇಳುತ್ತೇನೆ. ಅಲ್ಲಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ, ಅಂದರೆ ಎಸ್‌ಎಂಯುವಿನ ಫುಟ್‌ಬಾಲ್ ಆಟಗಾರರಿಗೆ ಬೂಸ್ಟರ್‌ಗಳು ಗುಟ್ಟಾಗಿ ಹಣ ಕೊಡುತ್ತಿದ್ದರು. ಒಮ್ಮೆ ಶಿಕ್ಷೆಯಾದ ಮೇಲೂ ನಿಲ್ಲಿಸಲಿಲ್ಲ. 1987ರ ಫೆಬ್ರುವರಿಯಲ್ಲಿ ಎನ್‌ಸಿಎಎ ಅವರ ಇಡೀ 1987ರ ಋತುವನ್ನೇ ರದ್ದು ಮಾಡಿತು. ‘ಮರಣದಂಡನೆ’ ಎಂದೇ ಆ ಶಿಕ್ಷೆಗೆ ಹೆಸರು. 1988ರಲ್ಲಿಯೂ ತಂಡ ಇಳಿಯಲಿಲ್ಲ, ವಿಶ್ವವಿದ್ಯಾಲಯವೇ ಬೇಡವೆಂದಿತು. ಆಟಗಾರರಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಹಣ ಕೊಡುವುದನ್ನು ಮುಂದುವರಿಸಲಾಯಿತು ಎಂದು ಒಪ್ಪಿಕೊಂಡವರಲ್ಲಿ ಬಿಲ್ ಕ್ಲೆಮೆಂಟ್ಸ್ ಒಬ್ಬರು. ಹಿಂದೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಮುಖ್ಯಸ್ಥರಾಗಿದ್ದ ಅವರು ಆ ಹೊತ್ತಿಗೆ ಟೆಕ್ಸಾಸ್‌ನ ಗವರ್ನರ್! ಇವತ್ತಿಗೂ ಬೂಸ್ಟರ್ ಎಂಬ ಪದ ಕಿವಿಗೆ ಬಿದ್ದರೆ ನಮ್ಮಂಥ ಕಚೇರಿಗಳು ಬೆಚ್ಚುವುದು ಆ ನೆನಪಿಗೆ.

ನಿಮ್ಮ ಪ್ರಕರಣ ಅಷ್ಟು ದೂರ ಹೋಗುವುದಿಲ್ಲ, ಗಾಬರಿ ಬೇಡ. ಬರೆದದ್ದನ್ನು ಅಳಿಸಿ, ಕಾಲೇಜಿನ ಕಚೇರಿಗೆ ಒಂದು ಇಮೇಲ್ ಹಾಕಿ. ಅವರು ಅದನ್ನು ಸಣ್ಣ ಉಲ್ಲಂಘನೆ ಎಂದು ತಾವೇ ವರದಿ ಮಾಡಿ, ನಿಮಗೊಂದು ಪತ್ರ ಬರೆದು ಮುಗಿಸುತ್ತಾರೆ. ಅಳಿಸದೆ ಹಟ ಮಾಡಿದರೆ ಟಿಕೆಟ್ ಕೂಡ ಕೊಡದಂತೆ ನಿಮ್ಮನ್ನು ದೂರ ಇಡುವ ಅಧಿಕಾರ ಅವರಿಗಿದೆ. ಹುಡುಗ ಬೂಸ್ಟರ್ ಮನೆಯಲ್ಲಿ ಉಂಡು ಹೋಗಿದ್ದರೆ ಅವನ ಅರ್ಹತೆಯ ಪ್ರಶ್ನೆ ಏಳುತ್ತದೆ. ಅಂಥ ಸಂದರ್ಭಗಳಲ್ಲಿ ಉಂಡದ್ದರ ಬೆಲೆಯನ್ನು ಹುಡುಗನ ಕೈಯಿಂದ ಯಾವುದಾದರೂ ದತ್ತಿ ಸಂಸ್ಥೆಗೆ ಕಟ್ಟಿಸುವುದು ವಾಡಿಕೆ. ಮನೆಯಲ್ಲಿ ಮಾಡಿದ ಬಿಸಿಬೇಳೆ ಬಾತಿಗೆ ಬೆಲೆ ಕಟ್ಟುವ ಪ್ರಸಂಗ ನನಗಿನ್ನೂ ಬಂದಿಲ್ಲ. ಬಾರದಿರಲಿ.

ಪ್ರಶ್ನೆ (ರಾಲಿಯಿಂದ ವಿದ್ಯಾರ್ಥಿ): ಅಕ್ಕಾ, ನಾನು ಯಾರಿಗೂ ಒಂದು ಡಾಲರ್ ಕೊಟ್ಟವನಲ್ಲ, ಬರಿಯ ಅಭಿಮಾನಿ. ಒಬ್ಬ ಆಟಗಾರನನ್ನು ಕರೆಯಲು ಫೇಸ್‌ಬುಕ್ ಗುಂಪು ಕಟ್ಟಿದರೆ ನನಗೇನು ಮಾಡುತ್ತಾರೆ?

ಉತ್ತರ: ರಾಲಿಯಿಂದಲೇ ಈ ಪ್ರಶ್ನೆ ಬಂದದ್ದು ಚೆನ್ನಾಯಿತು. 2009ರಲ್ಲಿ ನಿಮ್ಮ ಊರಿನ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ, ಆಗ ಹೈಸ್ಕೂಲಿನಲ್ಲಿದ್ದ ಜಾನ್ ವಾಲ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರ ತಮ್ಮಲ್ಲಿಗೇ ಬರಲಿ ಎಂದು ಫೇಸ್‌ಬುಕ್ ಗುಂಪು ತೆರೆದ. ನೂರಾರು ಜನ ಸೇರಿದರು. ವಿಶ್ವವಿದ್ಯಾಲಯದ ನಿಯಮಪಾಲನೆ ಕಚೇರಿ ಅದನ್ನು ನಿಲ್ಲಿಸುವಂತೆ ಅವನಿಗೆ ಪತ್ರ ಬರೆಯಿತು. ದೇಶವೆಲ್ಲ ನಕ್ಕಿತು, ಹುಡುಗನ ವಾಕ್ ಸ್ವಾತಂತ್ರ್ಯ ಏನಾಯಿತು ಎಂಬ ಕೂಗೂ ಎದ್ದಿತು. ಜಾನ್ ವಾಲ್ ಕೆಂಟಕಿಗೆ ಹೋದ.

ನಿಜ ಹೇಳಬೇಕೆಂದರೆ ಎನ್‌ಸಿಎಎ ನಿಮಗೇನೂ ಮಾಡಲಾರದು. ಅದರ ಕೈ ಹಿಡಿಯುವುದು ವಿಶ್ವವಿದ್ಯಾಲಯವನ್ನು, ನಿಮ್ಮನ್ನಲ್ಲ. ಆದರೆ ಗೊತ್ತಾದ ಮೇಲೆ ಸುಮ್ಮನಿದ್ದರೆ ವಿಶ್ವವಿದ್ಯಾಲಯ ಕೈಕಟ್ಟಿ ಕುಳಿತಿತು ಎಂಬ ಮಾತು ಬರುತ್ತದೆ, ಅದಕ್ಕೇ ಪತ್ರ. ಆ ಪತ್ರದ ಧಾಟಿ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಒಬ್ಬ ಹದಿನೆಂಟರ ಹುಡುಗನನ್ನು ಕರೆದು ಕೂರಿಸಿ ಹೇಳಬಹುದಾಗಿತ್ತು. ಆದರೂ ಗುಂಪು ಕಟ್ಟಬೇಡಿ. ಒಂದು ಕರೆ ಮುದ್ದಾಗಿರುತ್ತದೆ, ಏಳುನೂರು ಕರೆ ಹದಿನೇಳು ವರ್ಷದವನ ಮೇಲೆ ಹೊರೆ. ಅವನು ಬೇರೆ ಕಾಲೇಜು ಆರಿಸಿಕೊಂಡ ರಾತ್ರಿ ಅದೇ ಗುಂಪಿನಲ್ಲಿ ಏನೇನು ಬರೆಯುತ್ತಾರೆ ಎಂಬುದನ್ನು ನಾನು ಓದಿದ್ದೇನೆ.

ಪ್ರಶ್ನೆ (ಬೆಂಗಳೂರಿನಿಂದ ತಾಯಿ): ಮಗಳು ಟೆನಿಸ್ ಆಡುತ್ತಾಳೆ, ಈಗ ಒಂಬತ್ತನೆಯ ತರಗತಿ. ಅಮೆರಿಕದ ನಾಲ್ಕು ಕೋಚ್‌ಗಳಿಗೆ ಬರೆದೆವು, ಒಬ್ಬರೂ ಉತ್ತರಿಸಲಿಲ್ಲ. ಆದರೆ ಅವರಲ್ಲಿ ಒಬ್ಬರು ಅವಳ ಇನ್‌ಸ್ಟಾಗ್ರಾಂ ವಿಡಿಯೊಗಳಿಗೆಲ್ಲ ಲೈಕ್ ಒತ್ತಿದ್ದಾರೆ. ಏನಿದರ ಅರ್ಥ? ಇಲ್ಲೊಬ್ಬ ಏಜೆಂಟರು ಆರು ಲಕ್ಷ ಕೊಟ್ಟರೆ ಮಾತಾಡಿಸುತ್ತೇನೆ ಎನ್ನುತ್ತಿದ್ದಾರೆ.

ಉತ್ತರ: ಆರು ಲಕ್ಷವನ್ನು ಬ್ಯಾಂಕಿನಲ್ಲೇ ಬಿಡಿ ಅಮ್ಮಾ. ಟೆನಿಸ್‌ನಲ್ಲಿ ಹತ್ತನೆಯ ತರಗತಿ ಮುಗಿದ ಮೇಲಿನ ಜೂನ್ 15ರವರೆಗೆ ಕೋಚ್‌ಗಳು ಸ್ವಂತ ಪತ್ರ, ಸಂದೇಶ, ಕರೆ ಯಾವುದನ್ನೂ ಮಾಡುವಂತಿಲ್ಲ. ನಮ್ಮ ಲೆಕ್ಕದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ಸೇರುವ ಹೊತ್ತು. ಅಲ್ಲಿಯವರೆಗೆ ನೀವು ಎಷ್ಟು ಬೇಕಾದರೂ ಬರೆಯಬಹುದು, ಅವರು ಹೆಚ್ಚೆಂದರೆ ತರಬೇತಿ ಶಿಬಿರದ ಕರಪತ್ರದಂಥದ್ದು ಕಳಿಸಬಹುದು. ಉತ್ತರ ಬಾರದಿದ್ದರೆ ಬಾಗಿಲು ಮುಚ್ಚಿದೆ ಎಂದಲ್ಲ. ಯಾವ ಏಜೆಂಟರೂ ಆ ತಾರೀಖನ್ನು ಹಿಂದಕ್ಕೆ ತಳ್ಳಲಾರರು.

ಲೈಕ್ ಕಥೆ ಸ್ವಾರಸ್ಯವಾಗಿದೆ. 2007ರ ಆಗಸ್ಟ್‌ನಿಂದ ಕೋಚ್‌ಗಳು ಹುಡುಗರಿಗೆ ಮೊಬೈಲ್ ಸಂದೇಶ ಕಳಿಸುವುದೇ ನಿಷಿದ್ಧವಾಗಿತ್ತು. ಇಮೇಲ್ ಮತ್ತು ಫ್ಯಾಕ್ಸ್ ಸರಿ! ಆಮೇಲೆ ಒಂದೊಂದೇ ಆಟಕ್ಕೆ ಅದನ್ನು ಸಡಿಲಿಸಿದರು. ಹುಡುಗನ ಟ್ವೀಟ್ ಮೇಲೆ ಕೋಚ್ ಬೆರಳು ಜಾರಿ ಒತ್ತಿದರೂ ನಾವು ವರದಿ ಬರೆಯುತ್ತಿದ್ದೆವು. 2016ರ ಆಗಸ್ಟ್‌ನಿಂದ ‘ಒತ್ತಬಹುದು, ಬರೆಯುವಂತಿಲ್ಲ’ ಎಂಬ ನಿಯಮ ಬಂತು. ಲೈಕ್ ಒತ್ತಬಹುದು, ಹಂಚಿಕೊಳ್ಳಬಹುದು, ಒಂದಕ್ಷರ ಸೇರಿಸುವಂತಿಲ್ಲ. ಹಾಗಾಗಿ ಆ ಲೈಕ್‌ಗೆ ‘ನಿನ್ನ ಆಟ ನೋಡುತ್ತಿದ್ದೇನೆ’ ಎಂಬಷ್ಟು ಅರ್ಥವಿದೆ, ‘ಸೀಟು ಕೊಟ್ಟೆ’ ಎಂಬ ಅರ್ಥವಿಲ್ಲ. ಅವಳ ಯುಟಿಆರ್ (ಟೆನಿಸ್ ಆಟಗಾರರ ಮಟ್ಟ ಅಳೆಯುವ) ರೇಟಿಂಗ್ ಏರುವಂತೆ ಪಂದ್ಯಗಳನ್ನು ಆಡಿಸಿ, ಕೋಚ್‌ಗಳು ಮೊದಲು ನೋಡುವುದೇ ಅದನ್ನು. ಹುಡುಗಿಯ ಖಾತೆಯಲ್ಲಿ ನೀವು ಕುಳಿತು ಕೋಚ್‌ಗೆ ಉತ್ತರ ಬರೆಯಬೇಡಿ. ಅಮ್ಮನ ಇಂಗ್ಲಿಷ್ ಯಾವುದು, ಮಗಳದು ಯಾವುದು ಎಂದು ಎರಡನೆಯ ಸಾಲಿಗೇ ತಿಳಿಯುತ್ತದೆ.

ಪ್ರಶ್ನೆ (ಹೆಸರು ಬೇಡ): ಈಗ ಆಟಗಾರರು ಜಾಹೀರಾತಿನಿಂದ ಲಕ್ಷಗಟ್ಟಲೆ ಸಂಪಾದಿಸುತ್ತಾರಲ್ಲ, ಬೂಸ್ಟರ್ ನಿಯಮಕ್ಕೆ ಏನು ಬೆಲೆ ಉಳಿಯಿತು? ನಮ್ಮ ಮಗ ಎಚ್-4 ವೀಸಾದಲ್ಲಿ, ಅಂದರೆ ನನ್ನ ಕೆಲಸದ ವೀಸಾದ ಅವಲಂಬಿತನಾಗಿ ಇದ್ದಾನೆ, ಅವನೂ ಮಾಡಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು: ವಲಸೆ ವಕೀಲರನ್ನು ಕೇಳದೆ ಏನನ್ನೂ ಒಪ್ಪಿಕೊಳ್ಳಬೇಡಿ. ಎನ್‌ಸಿಎಎ ಅನುಮತಿಸಿದ್ದನ್ನೆಲ್ಲ ವೀಸಾ ಅನುಮತಿಸುವುದಿಲ್ಲ. ಎಚ್-4ರಲ್ಲಿರುವ ಮಕ್ಕಳಿಗೆ ದುಡಿಯುವ ಹಕ್ಕಿಲ್ಲ, ವಿದ್ಯಾರ್ಥಿ ವೀಸಾ ಎಫ್-1ರಲ್ಲಿಯೂ ಕ್ಯಾಂಪಸ್ ಹೊರಗಿನ ಕೆಲಸಕ್ಕೆ ಅನುಮತಿ ಬೇಕು. ಒಂದು ಶೂ ಹಿಡಿದು ವಿಡಿಯೊ ಮಾಡಿದರೆ ಅದೂ ಕೆಲಸ ಎಂದಾಗಬಹುದು. 2022ರಲ್ಲಿ ಕೆಂಟಕಿಯ ಬ್ಯಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ಶೀಬ್ವೆ, ಕಾಂಗೊ ದೇಶದವನು, ತಂಡ ಬಹಾಮಾಸ್‌ಗೆ ಹೋದಾಗ ಅಲ್ಲಿಯೇ ಜಾಹೀರಾತು ಕೆಲಸ ಮುಗಿಸಿಕೊಂಡ, ಅಮೆರಿಕದ ನೆಲದಲ್ಲಿ ಮಾಡಬಾರದು ಎಂಬ ಕಾರಣಕ್ಕೆ.

ಮೊದಲನೆಯದು ಒಳ್ಳೆಯ ಪ್ರಶ್ನೆ, ನನ್ನನ್ನೂ ಕಾಡುತ್ತದೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದು. ಅಂಥ ಹಣದ ಮಾತುಕತೆಯನ್ನು ಬೂಸ್ಟರ್ ಕೂಟಗಳು ಇನ್ನೂ ಸೇರದ ಹುಡುಗರೊಂದಿಗೆ ನಡೆಸುವುದಕ್ಕೆ ಎನ್‌ಸಿಎಎ ಅಡ್ಡ ಬಂದಿತ್ತು. 2024ರ ಫೆಬ್ರುವರಿಯಲ್ಲಿ ಟೆನೆಸ್ಸಿಯ ಫೆಡರಲ್ ನ್ಯಾಯಾಧೀಶರು ಎನ್‌ಸಿಎಎಯ ಆ ಅಡ್ಡಿಯನ್ನೇ ತಡೆದರು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಆಟಗಾರರಿಗೆ ಹಣ ಕೊಡುತ್ತಿವೆ. ಮೊದಲ ವರ್ಷದ ಮಿತಿ ಒಂದೊಂದಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಹೊರಗಿನವರಿಂದ 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಒಪ್ಪಂದವಾದರೆ ವರದಿ ಮಾಡಬೇಕು. ‘ಮರಣದಂಡನೆ’ ಉಂಡ ಅದೇ ಎಸ್‌ಎಂಯು 2024ರಲ್ಲಿ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಎಂಬ ದೊಡ್ಡ ಕಾಲೇಜು ತಂಡಗಳ ಕೂಟ ಸೇರಲು ಒಂಬತ್ತು ವರ್ಷಗಳ ಟಿವಿ ಹಣವನ್ನೇ ಬಿಟ್ಟುಕೊಟ್ಟಿತು. ದಾನಿಗಳು ಇದ್ದಾರಲ್ಲ ಎಂಬ ಧೈರ್ಯ! ಹಣ ಮುಂಬಾಗಿಲಿನಿಂದಲೇ ಬರುತ್ತಿದೆ. ಆದರೆ ಲೆಕ್ಕವಿಲ್ಲದ ಊಟ, ಲೆಕ್ಕವಿಲ್ಲದ ಕರೆ ಮಾತ್ರ ಇನ್ನೂ ನಿಷಿದ್ಧ. ವಿಚಿತ್ರ ಎನ್ನಿಸುತ್ತದೆಯೇ? ನನಗೂ ಎನ್ನಿಸುತ್ತದೆ. ನನಗೆ ಸಂಬಳ ಮಾತ್ರ ಅದನ್ನು ಜಾರಿ ಮಾಡುವುದಕ್ಕೆ.

ಪ್ರಶ್ನೆ (ಕೊಲಂಬಸ್‌ನಿಂದ): ಈಗಾಗಲೇ ಕಾಲೇಜಿನಲ್ಲಿ ಆಡುತ್ತಿರುವವರಿಗೆ ಸಂದೇಶ ಕಳಿಸಬಹುದಲ್ಲವೇ?

ಉತ್ತರ: ಕಳಿಸಬಹುದು. ‘ಚೆನ್ನಾಗಿ ಆಡಿದೆ’ ಎಂದಷ್ಟೇ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್‌ಗೆ ಅನುಮತಿ ಕೊಡಲು ರಾಜ್ಯಗಳಿಗೆ ದಾರಿ ತೆರೆದ ಮೇಲೆ, ಬಾಜಿ ಸೋತವರು ಆಟಗಾರರಿಗೆ ಬೈದು ‘ನನ್ನ ಹಣ ವಾಪಸ್ ಕೊಡು’ ಎಂದು ಹಣ ಕಳಿಸುವ ಆ್ಯಪ್ ಆದ ವೆನ್ಮೊದಲ್ಲಿ ಕೋರಿಕೆ ಕಳಿಸುತ್ತಾರೆ. ನಿಮ್ಮ ಒಹಾಯೊ 2024ರಲ್ಲಿ ಕಾಲೇಜು ಆಟಗಾರರ ವೈಯಕ್ತಿಕ ಸಾಧನೆಯ ಮೇಲಿನ ಬಾಜಿಯನ್ನು ನಿಲ್ಲಿಸಿದ್ದರ ಹಿಂದೆ ಈ ಕಾಟವೂ ಇದೆ.

ಡಲ್ಲಾಸ್‌ನ ಓದುಗರು ಮತ್ತೆ: ಮೇಡಂ, ಅಳಿಸಿದೆ, ಇಮೇಲ್ ಕೂಡ ಹಾಕಿದೆ. ಕೊನೆಯದಾಗಿ ಒಂದು ಮಾತು. ಅವನು ಆರು ವರ್ಷದವನಿದ್ದಾಗಿನಿಂದ ಪ್ರತಿ ಯುಗಾದಿಗೆ ನಮ್ಮ ಮನೆಯ ಹೋಳಿಗೆ ಅವರ ಮನೆಗೆ ಹೋಗುತ್ತದೆ. ಈ ವರ್ಷ ನಿಲ್ಲಿಸಬೇಕೇ?

ಉತ್ತರ: ನಿಲ್ಲಿಸಬೇಡಿ. ಮೊದಲಿನಿಂದ ಬಂದ ನೆರೆಹೊರೆಯ, ಕುಟುಂಬದ ಸ್ನೇಹಕ್ಕೆ ನಿಯಮದಲ್ಲೇ ವಿನಾಯಿತಿಯಿದೆ, ಕಾಲೇಜಿಗೆ ಸೆಳೆಯುವ ಉದ್ದೇಶ ಇರಬಾರದು ಅಷ್ಟೇ. ಪ್ರತಿ ವರ್ಷ ಎಷ್ಟು ಕಳಿಸುತ್ತಿದ್ದಿರೋ ಅಷ್ಟೇ ಕಳಿಸಿ. ಡಬ್ಬಿಯ ಮೇಲೆ ಕಾಲೇಜಿನ ಸ್ಟಿಕರ್ ಬೇಡ.